ಸಂಪಾದಕರ ಉತ್ತರ: ಸ್ಕೂಲ್ ಬೋರ್ಡ್ ಎಲೆಕ್ಷನ್ ಯಾವಾಗ, ಹೇಗೆ, ಯಾರಿಗೋಸ್ಕರ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆಯಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಇಬ್ಬರು ಮಕ್ಕಳು ಅಲ್ಲಿನ ಪಬ್ಲಿಕ್ ಸ್ಕೂಲಲ್ಲಿ, ಅಂದ್ರೆ ಸರ್ಕಾರಿ ಶಾಲೇಲಿ ಓದ್ತಿದ್ದಾರೆ, ಇವರು ಎಚ್‌-1ಬಿ ವೀಸಾದಲ್ಲಿದ್ದಾರೆ. ಆ ಭಾಗದ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸೋ ಅವರ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಯಾವುದೋ ಲಾಯರ್ ಆಫೀಸಿಂದ ನೋಟಿಸ್ ಬಂತಂತೆ, ಅದಾದ್ಮೇಲೆ ಅದರ ಬೋರ್ಡು, ಅಂದ್ರೆ ಜನ ಆರಿಸಿದ ಆಡಳಿತ ಮಂಡಳಿ, ಇಡೀ ಡಿಸ್ಟ್ರಿಕ್ಟನ್ನ ಐದು ಏರಿಯಾ ಮಾಡಿ ಒಂದೊಂದು ಏರಿಯಾದವರು ಒಬ್ಬೊಬ್ಬ ಮೆಂಬರನ್ನ ಮಾತ್ರ ಆರಿಸೋ ಥರ ಬದಲಾಯಿಸೋಕೆ ಹೊರಟಿದೆ. ಪಕ್ಕದ ಮನೆಯ ಅಮೆರಿಕನ್ ಹಿರಿಯರೊಬ್ಬರು ಇವರಿಗೆ ಹೇಳಿದ್ದು ಹೀಗಂತೆ: ಹಿಂದೆ ಬೆಸ ವರ್ಷದಲ್ಲಿ ಸ್ಕೂಲ್ ಬೋರ್ಡಿಗೇ ಅಂತ ಬೇರೆ ಎಲೆಕ್ಷನ್ ಇರ್ತಿತ್ತು, ಕಾಳಜಿ ಇರೋರು ಮಾತ್ರ ಬಂದು ವೋಟ್ ಹಾಕ್ತಿದ್ರು, ಅದನ್ನ ದೊಡ್ಡ ಎಲೆಕ್ಷನ್ ಜೊತೆ ಸೇರಿಸಿ ಕೆಡಿಸಿದ್ರು, ಈಗ ಊರನ್ನೂ ತುಂಡು ಮಾಡ್ತಿದ್ದಾರೆ. ಓದುಗರು ಕೇಳಿರೋದು ಮೂರು ಮಾತು. ಅವರು ಹೇಳಿದ್ದು ಸರೀನಾ, ಏರಿಯಾ ಮಾಡೋದು ಒಳ್ಳೇದಾ, ವೋಟೇ ಇಲ್ಲದ ನನಗೆ ಇದರಲ್ಲಿ ಏನು ಕೆಲಸ.

ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಮೂರನೇ ಪ್ರಶ್ನೆಯನ್ನ ನೀವು ಕೊನೇಲಿ, ಸ್ವಲ್ಪ ಹಿಂಜರಿದು ಕೇಳಿದೀರಿ, ಆದ್ರೆ ನನಗೆ ಅದೇ ಮುಖ್ಯ ಅನ್ನಿಸ್ತು. ಅಲ್ಲಿಗೆ ಬರೋಕೆ ಮುಂಚೆ ಆ ಹಿರಿಯರ ಮಾತು ನೋಡೋಣ.

ಅವರು ಹೇಳಿದ ಇತಿಹಾಸ ಸರಿ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಬೆಸ ವರ್ಷದ ನವೆಂಬರಲ್ಲಿ ಎಲೆಕ್ಷನ್ ಮಾಡ್ತಿದ್ವು, ಆವಾಗ ಪ್ರೆಸಿಡೆಂಟೂ ಇಲ್ಲ ಗವರ್ನರೂ ಇಲ್ಲ. 2015ರಲ್ಲಿ ಎಸ್‌ಬಿ 415 ಅನ್ನೋ ಕಾನೂನು ಪಾಸಾಯ್ತು, 2018ರ ಜನವರಿಯಿಂದ ಜಾರಿಗೆ ಬಂತು. ಅದು ಹೇಳೋದಿಷ್ಟೇ: ಹಿಂದಿನ ನಾಲ್ಕು ರಾಜ್ಯಮಟ್ಟದ ಜನರಲ್ ಎಲೆಕ್ಷನ್‌ಗಳಲ್ಲಿ ನಿಮ್ಮಲ್ಲಿ ಸರಾಸರಿ ಎಷ್ಟು ಮತದಾನ ಆಗಿತ್ತೋ ಅದಕ್ಕಿಂತ ನಿಮ್ಮ ಸ್ಥಳೀಯ ಎಲೆಕ್ಷನ್‌ನ ಮತದಾನ 25 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಕಮ್ಮಿ ಇದ್ರೆ ಆ ತಾರೀಖು ಬಿಟ್ಟು ಸಮ ವರ್ಷಕ್ಕೆ ಬನ್ನಿ. ಬದಲಾಯಿಸಿಕೊಳ್ಳೋಕೆ 2022ರ ನವೆಂಬರ್‌ವರೆಗೂ ಟೈಮ್ ಕೊಟ್ಟಿದ್ರು. ಹಂಗಾಗಿ ನಿಮ್ಮ ಡಿಸ್ಟ್ರಿಕ್ಟಲ್ಲಿ ಈಗ ಸಮ ವರ್ಷ.

ಆದ್ರೆ "ಕಾಳಜಿ ಇರೋರು ಮಾತ್ರ ಬರ್ತಿದ್ರು" ಅನ್ನೋದನ್ನ ನಾನು ಒಪ್ಪಲ್ಲ. ಈ ಮಾತು ಅಮೆರಿಕದಲ್ಲಿ ನೂರು ವರ್ಷಕ್ಕಿಂತ ಹಳೇದು. ಹತ್ತೊಂಬತ್ತನೇ ಶತಮಾನದ ಕೊನೇಲಿ, ಇಪ್ಪತ್ತನೇದರ ಶುರುವಲ್ಲಿ ಸುಧಾರಕರು ಊರಿನ ಎಲೆಕ್ಷನ್ನು, ಸ್ಕೂಲ್ ಎಲೆಕ್ಷನ್ನು ಎಲ್ಲ ಬೇರೆ ತಾರೀಖಿಗೆ ತಗೊಂಡು ಹೋದ್ರು, ಪಾರ್ಟಿ ಬಾಸ್‌ಗಳ ಕೈಯಿಂದ ಸ್ಕೂಲನ್ನ ಬಿಡಿಸ್ಬೇಕು ಅನ್ನೋದು ಹೇಳಿಕೊಂಡ ಕಾರಣ, ಮತ್ತೆ ಆ ಕಾರಣದಲ್ಲಿ ಸತ್ಯಾನೂ ಇತ್ತು, ಆಗಿನ ದೊಡ್ಡ ಊರುಗಳಲ್ಲಿ ಮೇಷ್ಟರ ಕೆಲಸಾನೂ ಪಾರ್ಟಿಯವರು ಹಂಚೋ ಮಟ್ಟಕ್ಕೆ ಹೋಗಿತ್ತು. ಆದ್ರೆ ತಾರೀಖು ಬದಲಾಯಿಸಿದ ತಕ್ಷಣ ವೋಟ್ ಹಾಕೋರ ಸಂಖ್ಯೆ ಬಿದ್ದುಹೋಯ್ತು. ಬಿದ್ದಾಗ ಉಳಿದೋರು ಯಾರು? ಸಂಘಟನೆ ಇರೋರು. ಬರ್ಕ್ಲಿ ಯೂನಿವರ್ಸಿಟಿಯ ಸಾರಾ ಆಂಜಿಯಾ ಇದೇ ವಿಷಯ ವರ್ಷಗಟ್ಟಲೆ ಸ್ಟಡಿ ಮಾಡಿದ್ದಾರೆ. ಎಲೆಕ್ಷನ್ ತಾರೀಖು ಒಂಟಿಯಾಗಿ ನಿಂತಾಗ ಆ ಎಲೆಕ್ಷನ್ನಿಂದ ನೇರವಾಗಿ ಲಾಭ ಇರೋ ಗುಂಪುಗಳ ತೂಕ ಜಾಸ್ತಿ ಆಗುತ್ತೆ ಅನ್ನೋದು ಅವರು ತೋರಿಸಿಕೊಟ್ಟ ವಿಷಯ, ಟೀಚರ್ ಯೂನಿಯನ್‌ಗಳು ಅದರಲ್ಲಿ ಮುಖ್ಯ. ಟೀಚರ್‌ಗಳಿಗೆ ಒಳ್ಳೇ ಸಂಬಳ ಸಿಗ್ಲಿ, ನನಗೇನೂ ಬೇಜಾರಿಲ್ಲ, ಸಿಗಲೇಬೇಕು. ಆದ್ರೆ ಸಂಬಳ ಕೊಡೋ ಬೋರ್ಡನ್ನ ಸಂಬಳ ತಗೊಳ್ಳೋರೇ ಆರಿಸೋ ಪರಿಸ್ಥಿತಿ ಬರಬಾರದು.

ಇನ್ನೊಂದು ಕಡೆ ನೋಡಿ. ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ವ್ಲಾದಿಮೀರ್ ಕೋಗನ್ ಮತ್ತೆ ಅವರ ಜೊತೆಗಾರರು ಕ್ಯಾಲಿಫೋರ್ನಿಯಾ, ಇಲಿನಾಯ್, ಓಹಾಯೋ, ಒಕ್ಲಹೋಮ ಈ ನಾಲ್ಕು ರಾಜ್ಯದ ಸ್ಕೂಲ್ ಬೋರ್ಡ್ ಎಲೆಕ್ಷನ್‌ಗಳಲ್ಲಿ ಯಾರು ವೋಟ್ ಹಾಕಿದ್ರು ಅಂತ ನೋಡಿದ್ರು. ವೋಟ್ ಹಾಕೋರಲ್ಲಿ ಜಾಸ್ತಿ ಜನಕ್ಕೆ ಮನೇಲಿ ಸ್ಕೂಲಿಗೆ ಹೋಗೋ ಮಕ್ಕಳೇ ಇರಲ್ಲ, ಮತ್ತೆ ಬಹುಪಾಲು ಮಕ್ಕಳು ಬಿಳಿಯರಲ್ಲದ ಡಿಸ್ಟ್ರಿಕ್ಟ್‌ಗಳಲ್ಲೂ ಸಾಮಾನ್ಯವಾಗಿ ಬಹುಪಾಲು ವೋಟರ್‌ಗಳು ಬಿಳಿಯರೇ. ಕಾಳಜಿಯ ಲೆಕ್ಕ ಇದು ಅಂತ ನನಗನ್ನಿಸಲ್ಲ, ಬಿಡುವು ಯಾರಿಗಿದೆ ಅನ್ನೋ ಲೆಕ್ಕ. ಎರಡು ಶಿಫ್ಟ್ ಕೆಲಸ ಮಾಡಿ ಮಗೂನ ಡೇ ಕೇರಿಂದ ಕರ್ಕೊಂಡು ಬರೋ ಅಮ್ಮನಿಗೆ ಬೆಸ ವರ್ಷದಲ್ಲಿ ಒಂದು ಎಲೆಕ್ಷನ್ ಇದೆ ಅಂತ ನೆನಪಿಸೋರೂ ಇರಲ್ಲ. ಆಕೆಗೆ ಕಾಳಜಿ ಇಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ.

ಲಾಸ್ ಏಂಜಲಿಸ್ ಉದಾಹರಣೆ ಹೇಳ್ತೀನಿ. ಅಲ್ಲಿ ಸಿಟಿ ಎಲೆಕ್ಷನ್ನು, ಸ್ಕೂಲ್ ಬೋರ್ಡ್ ಎಲೆಕ್ಷನ್ನು ಎರಡೂ ಬೆಸ ವರ್ಷದ ಮಾರ್ಚ್ ಮತ್ತೆ ಮೇ ತಿಂಗಳಲ್ಲಿ ನಡೀತಿದ್ವು. 2015ರ ಮಾರ್ಚಲ್ಲಿ ಜನರ ಮುಂದೆ ಎರಡು ತಿದ್ದುಪಡಿ ಇಟ್ರು, ಒಂದು ಸಿಟಿಗೆ, ಒಂದು ಸ್ಕೂಲ್ ಬೋರ್ಡಿಗೆ, ಎರಡೂ ಸಮ ವರ್ಷಕ್ಕೆ ಹೋಗೋಕೆ. ಎರಡೂ ಪಾಸಾದ್ವು, 2020ರಿಂದ ಜಾರಿ. ಆ ತಿದ್ದುಪಡಿಗೆ ವೋಟ್ ಹಾಕೋಕೆ ಬಂದವರು ನೋಂದಾಯಿತ ವೋಟರ್‌ಗಳಲ್ಲಿ ಸುಮಾರು ಹತ್ತಕ್ಕೆ ಒಬ್ಬರು, ತಾರೀಖು ಯಾಕೆ ಬದಲಾಗ್ಬೇಕು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ. ಬದಲಾವಣೆ ಮಾಡುವಾಗ ಒಂದು ತೊಡಕೂ ಬಂತು. 2015ರಲ್ಲಿ, 2017ರಲ್ಲಿ ಗೆದ್ದೋರಿಗೆ ಒಂದೇ ಒಂದು ಸಲಕ್ಕೆ ಐದೂವರೆ ವರ್ಷದ ಅವಧಿ ಸಿಕ್ತು, ಹೊಸ ತಾರೀಖಿಗೆ ಹೊಂದಿಸ್ಬೇಕಲ್ಲ. ಹೀಗೆ ತಾರೀಖು ಬದಲಾಯಿಸಿದಾಗೆಲ್ಲ ಇರೋ ಮೆಂಬರ್‌ಗಳಿಗೆ ಅವಧಿ ಉದ್ದ ಆಗುತ್ತೆ ಇಲ್ಲಾ ಮೊಟಕಾಗುತ್ತೆ, ಯಾರಿಗೆ ಯಾವುದು ಅಂತ ಮೊದಲೇ ಕೇಳಬೇಕಾದ ಪ್ರಶ್ನೆ.

ನ್ಯೂಜೆರ್ಸಿಯಲ್ಲಿರೋ ನಮ್ಮ ಓದುಗರಿಗೂ ಇದು ಗೊತ್ತಿರುತ್ತೆ. ಅಲ್ಲಿ ಏಪ್ರಿಲಲ್ಲಿ ಸ್ಕೂಲ್ ಎಲೆಕ್ಷನ್ ಇತ್ತು, ಅದರ ಜೊತೆ ಸ್ಕೂಲ್ ಬಜೆಟ್‌ಗೂ ಜನ ವೋಟ್ ಹಾಕ್ಬೇಕಿತ್ತು. 2012ರ ಜನವರಿಯ ಕಾನೂನು ಏನು ಹೇಳ್ತು ಅಂದ್ರೆ, ನವೆಂಬರಿಗೆ ಬನ್ನಿ, ಟ್ಯಾಕ್ಸ್ ಏರಿಕೆ 2 ಪರ್ಸೆಂಟ್ ಮಿತಿಯೊಳಗಿದ್ರೆ ಬಜೆಟ್‌ಗೆ ವೋಟ್ ಬೇಡ. ಬಹುಪಾಲು ಡಿಸ್ಟ್ರಿಕ್ಟ್‌ಗಳು ಹೋದ್ವು. ಇಲ್ಲಿ ನನಗೆ ಒಂದು ಅಸಮಾಧಾನ ಇದೆ, ಒಳ್ಳೇ ತಾರೀಖು ಕೊಟ್ಟು ಬಜೆಟ್ ಮೇಲಿನ ವೋಟ್ ಕಿತ್ಕೊಂಡ್ರು, ಈ ಎರಡನ್ನೂ ಒಂದೇ ಕಾನೂನಲ್ಲಿ ಕಟ್ಟಬಾರದಿತ್ತು.

ದೊಡ್ಡ ಎಲೆಕ್ಷನ್ ಜೊತೆ ಸೇರಿಸಿದ್ರೆ ಸ್ಕೂಲ್ ಬೋರ್ಡು ಕೆಳಗೆ ಮುಚ್ಚಿಹೋಗುತ್ತೆ ಅನ್ನೋ ಆಕ್ಷೇಪದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಕ್ಯಾಲಿಫೋರ್ನಿಯಾದ 2024ರ ನವೆಂಬರ್ ಬ್ಯಾಲೆಟ್ ನೆನಪು ಮಾಡ್ಕೊಳ್ಳಿ, ನಿಮ್ಮ ಆ ಹಿರಿಯರ ಮನೆಗೆ ಅಂಚೆಯಲ್ಲಿ ಬಂದಿರುತ್ತೆ. ಮೇಲೆ ಪ್ರೆಸಿಡೆಂಟ್, ಆಮೇಲೆ ಸೆನೆಟ್ಟು, ಕಾಂಗ್ರೆಸ್ಸು, ಅಸೆಂಬ್ಲಿ, ಅದಾದ್ಮೇಲೆ ಸ್ಕೂಲು, ಊರು, ಕೊನೆಗೆ ರಾಜ್ಯದ ಹತ್ತು ಪ್ರಾಪೊಸಿಷನ್ನು, ಅಂದ್ರೆ ಜನ ನೇರವಾಗಿ ವೋಟ್ ಹಾಕಿ ತೀರ್ಮಾನಿಸೋ ಪ್ರಸ್ತಾವಗಳು. ಸ್ಕೂಲ್ ಬೋರ್ಡ್ ಕ್ಯಾಂಡಿಡೇಟ್ ಹೆಸರಿನ ಪಕ್ಕ ಪಾರ್ಟಿ ಇರಲ್ಲ, ಹೆಸರಿನ ಕೆಳಗೆ ಹೆಚ್ಚಂದ್ರೆ ಮೂರು ಪದದಲ್ಲಿ ಅವರ ಉದ್ಯೋಗ, ಅಷ್ಟೇ. ಟೀಚರ್ ಅಂತಲೋ, ಪೇರೆಂಟ್ ಅಂತಲೋ, ಎಂಜಿನಿಯರ್ ಅಂತಲೋ. ಆ ಮೂರು ಪದ ನೋಡಿ ವೋಟ್ ಹಾಕೋರು ಬೇಕಾದಷ್ಟು ಜನ ಇದ್ದಾರೆ, ಅಲ್ಲಿಗೆ ಬರೋ ಹೊತ್ತಿಗೆ ಸುಸ್ತಾಗಿ ಖಾಲಿ ಬಿಡೋರೂ ಇದ್ದಾರೆ. ಆದ್ರೂ ಖಾಲಿ ಬಿಟ್ಟೋರನ್ನ ಕಳೆದ ಮೇಲೂ ಉಳಿಯೋರು ಬೆಸ ವರ್ಷದಲ್ಲಿ ಬರ್ತಿದ್ದೋರಿಗಿಂತ ಸಾಮಾನ್ಯವಾಗಿ ಎಷ್ಟೋ ಜಾಸ್ತಿ. ಖರ್ಚೂ ಅಷ್ಟೇ, ಎಲೆಕ್ಷನ್ ನಡೆಸೋ ದುಡ್ಡನ್ನ ಸ್ಕೂಲ್ ಡಿಸ್ಟ್ರಿಕ್ಟು ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆಯಂಥ ಆಡಳಿತಕ್ಕೆ, ಕಟ್ಟಬೇಕು, ಬ್ಯಾಲೆಟ್ಟಲ್ಲಿ ಹತ್ತು ಸಂಸ್ಥೆ ಸೇರಿದ್ರೆ ಪಾಲು ಕಮ್ಮಿ, ಒಂಟಿಯಾಗಿ ನಿಂತ್ರೆ ಜಾಸ್ತಿ. ಆ ದುಡ್ಡು ಕ್ಲಾಸ್‌ರೂಮಿಂದ ಹೋಗೋದು.

ಎಲೆಕ್ಷನ್ ಯಾವಾಗ ಅನ್ನೋದು ಸಣ್ಣ ವಿಷಯ ಅಲ್ಲ ಅಂತ ಬೆಂಗಳೂರಿನೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಹೇಳ್ತಾ ಹೇಳ್ತಾ ವರ್ಷಗಳೇ ಕಳೆದ್ವು, ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದ್ರು. ತಾರೀಖು ಮತ್ತೆ ಗಡಿ, ಈ ಎರಡು ಯಾರ ಕೈಯಲ್ಲಿರುತ್ತೋ ಅವರ ಕೈಯಲ್ಲೇ ಅರ್ಧ ಫಲಿತಾಂಶ ಇರುತ್ತೆ.

ಈಗ ಗಡಿ ವಿಷಯಕ್ಕೆ, ಅಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ.

ಇಲ್ಲೀವರೆಗೂ ನಿಮ್ಮ ಡಿಸ್ಟ್ರಿಕ್ಟಲ್ಲಿ ನಡೀತಿದ್ದಿದ್ದು ಹೀಗೆ: ಐದು ಸೀಟು, ನಾಲ್ಕು ವರ್ಷದ ಅವಧಿ, ಒಂದು ಸಲ ಮೂರು ಸೀಟಿಗೆ, ಎರಡು ವರ್ಷ ಬಿಟ್ಟು ಇನ್ನೆರಡು ಸೀಟಿಗೆ ಎಲೆಕ್ಷನ್. ಮೂರು ಸೀಟಿದ್ರೆ ಇಡೀ ಡಿಸ್ಟ್ರಿಕ್ಟಿನ ಎಲ್ರೂ ಮೂರು ವೋಟ್ ಹಾಕ್ತಾರೆ, ಜಾಸ್ತಿ ಬಂದ ಮೂವರು ಗೆಲ್ತಾರೆ. ನೋಡೋಕೆ ಇದಕ್ಕಿಂತ ನ್ಯಾಯ ಇಲ್ಲ ಅನ್ಸುತ್ತೆ. ಆದ್ರೆ ನೂರಕ್ಕೆ 55 ಜನ ಒಂದೇ ಥರ ವೋಟ್ ಹಾಕಿದ್ರೆ ಮೂರಕ್ಕೆ ಮೂರೂ ಅವರದ್ದೇ, ಉಳಿದ 45 ಜನಕ್ಕೆ ಒಂದೂ ಇಲ್ಲ, ಎರಡು ವರ್ಷ ಬಿಟ್ಟು ಮತ್ತೆ ಅದೇ ಕಥೆ. ಮದೇರಾ ಅಂತ ಒಂದು ಊರಿದೆ, ಸೆಂಟ್ರಲ್ ವ್ಯಾಲಿಯಲ್ಲಿ, ತೋಟಗಾರಿಕೆಯ ಕೂಲಿ ಕೆಲಸಕ್ಕೆ ಬಂದ ಲ್ಯಾಟಿನೋ ಕುಟುಂಬಗಳು ತುಂಬಿರೋ ಜಾಗ. ಅಲ್ಲಿನ ಸ್ಕೂಲುಗಳಲ್ಲಿ ಬಹುಪಾಲು ಮಕ್ಕಳು ಲ್ಯಾಟಿನೋ, ಏಳು ಜನರ ಬೋರ್ಡಲ್ಲಿ ಲ್ಯಾಟಿನೋ ಮೆಂಬರ್ ಒಬ್ಬರೇ ಇದ್ರು. 2008ರಲ್ಲಿ ಕೇಸ್ ಆಯ್ತು, ಡಿಸ್ಟ್ರಿಕ್ಟು ಏರಿಯಾ ಪದ್ಧತಿಗೆ ಬರಬೇಕಾಯ್ತು.

ಆ ಕೇಸಿಗೆ ದಾರಿ ಮಾಡಿಕೊಟ್ಟಿದ್ದು ಕ್ಯಾಲಿಫೋರ್ನಿಯಾ ವೋಟಿಂಗ್ ರೈಟ್ಸ್ ಆಕ್ಟ್, 2002ರಲ್ಲಿ ಗವರ್ನರ್ ಸಹಿ ಬಿದ್ದ ಕಾನೂನು, ಹೀಗೆ ಒಂದು ಸಮುದಾಯದ ವೋಟು ಮುಳುಗಿಹೋಗೋ ಪದ್ಧತಿಯನ್ನ ಕೋರ್ಟಲ್ಲಿ ಪ್ರಶ್ನಿಸೋಕೆ ಬಿಡುತ್ತೆ. ನಿಮ್ಮ ಡಿಸ್ಟ್ರಿಕ್ಟಿಗೆ ಬಂದಿರೋ ನೋಟಿಸೂ ಅದರ ಕೆಳಗೇ ಇರುತ್ತೆ. ಲಾಯರ್‌ಗಳ ದುಡ್ಡಿನ ಆಟ ಅಂತ ನೀವು ಬರೆದಿದೀರಿ. ದುಡ್ಡು ಇದೆ, ಸುಳ್ಳಲ್ಲ, ಕೋರ್ಟಲ್ಲಿ ಹೋರಾಡಿ ಕೊನೆಗೆ ರಾಜಿಯಾದ ಊರುಗಳು ಎದುರು ಪಾರ್ಟಿ ಲಾಯರ್‌ಗಳಿಗೆ ಲಕ್ಷಾಂತರ ಡಾಲರ್ ಕೊಟ್ಟಿವೆ. ಅದಕ್ಕೇ 2016ರಲ್ಲಿ ಕಾನೂನು ತಿದ್ದಿದ್ರು: ನೋಟಿಸ್ ಬಂದ 45 ದಿನದಲ್ಲಿ ಬದಲಾಗ್ತೀವಿ ಅಂತ ಠರಾವು ಮಾಡಿದ್ರೆ ಇನ್ನೂ 90 ದಿನ ಕೇಸ್ ಹಾಕೋಹಾಗಿಲ್ಲ, ಕೊಡಬೇಕಾದ ಖರ್ಚಿಗೂ 30,000 ಡಾಲರ್ ಮಿತಿ, ಬೆಲೆ ಏರಿಕೆ ಸೇರಿಸಿ ಸ್ವಲ್ಪ ಮೇಲೆ. ನಿಮ್ಮ ಬೋರ್ಡು ತರಾತುರಿಯಲ್ಲಿ ಮಾಡ್ತಿದೆ ಅಂತ ನಿಮಗನ್ನಿಸ್ತಿರೋದು ಈ ಗಡುವಿನಿಂದ.

ಏರಿಯಾ ಅಂದ್ರೆ ನಮ್ಮ ಊರಿನ ವಾರ್ಡ್ ಇದ್ದಹಾಗೆ. ಲಾಭ ಏನು ಅಂತ ನಮಗೆ ಗೊತ್ತು, ವಾರ್ಡಿನ ಮೆಂಬರನ್ನ ಬೀದೀಲಿ ಹಿಡಿದು ಕೇಳಬಹುದು. ದುಡ್ಡಿಲ್ಲದೋರೂ ನಿಲ್ಲಬಹುದು, ಸಾವಿರಾರು ಮನೆ ಸುತ್ತೋ ಬದಲು ತಮ್ಮ ಏರಿಯಾದ ಮನೆಗಳನ್ನ ಸುತ್ತಿದ್ರೆ ಸಾಕು, ಎಲೆಕ್ಷನ್‌ಗೆ ಮುಂಚೆ ವೋಟರ್‌ಗಳಿಗೆ ಕಳಿಸೋ ಮಾಹಿತಿ ಪುಸ್ತಕದಲ್ಲಿ ತಮ್ಮ ಹೇಳಿಕೆ ಛಾಪಿಸೋ ಖರ್ಚೂ ಕಮ್ಮಿ ಜನರಿಗೆ ಹೋಗೋದ್ರಿಂದ ಇಳಿಯುತ್ತೆ. ಆದ್ರೆ ಎರಡು ತೊಂದರೆ ಇದೆ, ಇವನ್ನ ಬೋರ್ಡಿನವರು ಸ್ಲೈಡ್‌ನಲ್ಲಿ ತೋರಿಸೋದು ಅಪರೂಪ. ಒಂದು, ಸಣ್ಣ ಏರಿಯಾದಲ್ಲಿ ಒಬ್ಬರೇ ನಾಮಿನೇಷನ್ ಹಾಕಿದ್ರೆ ಎಲೆಕ್ಷನ್ನೇ ನಡೆಯಲ್ಲ, ಅವರನ್ನೇ ಮೆಂಬರ್ ಅಂತ ಮಾಡ್ತಾರೆ, ಬ್ಯಾಲೆಟ್ಟಲ್ಲಿ ಆ ಸಾಲೇ ಇರಲ್ಲ. ಇನ್ನೊಂದು, ನಿಮ್ಮಂಥ ಊರಲ್ಲಿ ಭಾರತೀಯರು ಒಂದೇ ಕಡೆ ಗುಂಪಾಗಿಲ್ಲ, ಹರಡಿಕೊಂಡಿದ್ದಾರೆ, ಗೆರೆ ಎಳೆದ್ರೂ ಯಾವ ಏರಿಯಾದಲ್ಲೂ ಬಹುಮತ ಆಗದೇ ಇರಬಹುದು. ಆದ್ರೂ ನಾನು ಏರಿಯಾ ಪರವಾಗೇ ಇದ್ದೀನಿ, ನಮ್ಮೋರಿಗೆ ಸೀಟು ಸಿಗುತ್ತೆ ಅಂತಲ್ಲ. ಅಪಾರ್ಟ್‌ಮೆಂಟುಗಳು ಜಾಸ್ತಿ ಇರೋ ಕಡೆಯ, ಬಾಡಿಗೆಗಿರೋರ ಮಕ್ಕಳು ಓದೋ ಸ್ಕೂಲನ್ನ ಮುಚ್ಚೋಣ ಅಂತ ಬೋರ್ಡಲ್ಲಿ ಮಾತು ಬಂದಾಗ, ಆ ಮನೆಗಳ ವೋಟಿಂದಲೇ ಗೆದ್ದು ಕೂತಿರೋರು ಒಬ್ಬರಾದ್ರೂ ಆ ಟೇಬಲ್ ಮುಂದೆ ಇರಬೇಕು.

ಪಾರ್ಟಿ ಹೆಸರು ಹಾಕೋ ಬದಲಾವಣೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಒಂದು ಮಾತು. ಕ್ಯಾಲಿಫೋರ್ನಿಯಾ ಸಂವಿಧಾನದಲ್ಲಿ ಸ್ಕೂಲ್ ಹುದ್ದೆಗಳು ಪಾರ್ಟಿರಹಿತ ಅಂತಲೇ ಇದೆ. ಇಂಡಿಯಾನಾ 2025ರಲ್ಲಿ ಪಾರ್ಟಿ ಹೆಸರು ಹಾಕ್ಕೊಳ್ಳೋಕೆ ಬಿಡ್ತು. ಫ್ಲೋರಿಡಾದಲ್ಲಿ 2024ರ ನವೆಂಬರಲ್ಲಿ ಅಂಥದ್ದೇ ತಿದ್ದುಪಡಿ ಜನರ ಮುಂದೆ ಬಂದು, ಅರ್ಧಕ್ಕಿಂತ ಜಾಸ್ತಿ ವೋಟ್ ಬಿದ್ರೂ ಬೇಕಾದ 60 ಪರ್ಸೆಂಟ್ ಆಗದೆ ಬಿದ್ದುಹೋಯ್ತು. ಬಿದ್ದಿದ್ದು ಒಳ್ಳೇದೇ ಆಯ್ತು. ಮೂರನೇ ಕ್ಲಾಸಿನ ಮಗುಗೆ ಓದೋಕೆ ಹೇಗೆ ಕಲಿಸ್ಬೇಕು ಅನ್ನೋದಕ್ಕೆ ಪಾರ್ಟಿ ಚಿಹ್ನೆಯಿಂದ ಉತ್ತರ ಸಿಗಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ, ವೋಟಿಲ್ಲದ ನನಗೇನು ಕೆಲಸ.

ಏರಿಯಾಗಳನ್ನ ಸಮಾನವಾಗಿ ಹಂಚೋದು ಸೆನ್ಸಸ್ ಪ್ರಕಾರ ಅಲ್ಲಿರೋ ಎಲ್ಲಾ ಜನರ ತಲೆ ಎಣಿಸಿ, ಬರೀ ಸಿಟಿಜನ್‌ಗಳನ್ನಲ್ಲ, ಬರೀ ವೋಟರ್‌ಗಳನ್ನಲ್ಲ. ಹೀಗೆ ಎಣಿಸೋದು ಸರಿಯೇ ಅಂತ ಅಮೆರಿಕದ ಸುಪ್ರೀಂ ಕೋರ್ಟು 2016ರಲ್ಲಿ ಟೆಕ್ಸಸ್‌ನ ಒಂದು ಕೇಸಲ್ಲಿ ಹೇಳಿತು. ಅಂದ್ರೆ ವೀಸಾ ಮೇಲಿರೋ ಕುಟುಂಬಗಳು, ಅವರ ಮಕ್ಕಳು, ಎಲ್ಲರ ಲೆಕ್ಕದ ಮೇಲೇ ಆ ಐದು ಗೆರೆ ನಿಲ್ಲೋದು. ಸಾರ್ವಜನಿಕ ಹಿಯರಿಂಗಲ್ಲಿ ಮಾತಾಡೋಕೆ ಯಾರೂ ಪಾಸ್‌ಪೋರ್ಟ್ ಕೇಳಲ್ಲ. ಮ್ಯಾಪ್ ಬಿಡಿಸೋಕೆ ಮುಂಚೆ ಕನಿಷ್ಠ ಎರಡು ಹಿಯರಿಂಗು, ಬಿಡಿಸಿದ ಮೇಲೆ ಕನಿಷ್ಠ ಎರಡು, ಇಷ್ಟು ಕಾನೂನಲ್ಲೇ ಇದೆ. ಮೊದಲ ಎರಡರಲ್ಲಿ ಹೇಳೋ ಮಾತಿಗೆ ಬೆಲೆ ಜಾಸ್ತಿ, ಯಾಕಂದ್ರೆ ಆಗಿನ್ನೂ ಗೆರೆ ಬಿದ್ದಿರಲ್ಲ. ನಮ್ಮ ಸಮುದಾಯಕ್ಕೆ ನ್ಯಾಯ ಬೇಕು ಅಂತ ಬರೀ ಮೇಲು ಮೇಲಿಂದ ಹೇಳ್ಬೇಡಿ. ಇಂಥ ರಸ್ತೆಯಿಂದ ಇಂಥ ರಸ್ತೆವರೆಗೆ ಇರೋ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಇದೇ ಎಲಿಮೆಂಟರಿ ಸ್ಕೂಲಿಗೆ ಹೋಗೋದು, ಈ ಫ್ರೀವೇ ದಾಟಿ ಯಾರೂ ಹೋಗಲ್ಲ, ಇವರನ್ನ ಎರಡು ಏರಿಯಾಗೆ ಒಡೀಬೇಡಿ, ಹೀಗೆ ಹೇಳಿ. ಮ್ಯಾಪ್ ಮಾಡೋರು ಬರ್ಕೊಳ್ಳೋದು ಇಂಥ ಮಾತನ್ನ.

ಊರಲ್ಲಿ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಅನ್ನೋ ಶಾಲಾ ಸಮಿತಿ ಇದೆಯಲ್ಲ, ಅಪ್ಪ ಅಮ್ಮಂದಿರೇ ಇರೋದು, ಇಲ್ಲಿ ಯಾಕೆ ಹಾಗಿಲ್ಲ ಅಂತ ನೀವು ಬರೆದಿದ್ದು ಒಳ್ಳೇ ಪ್ರಶ್ನೆ. ನಮ್ಮ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾನೂನಲ್ಲಿ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು ಅಂತಿದೆ, ಆದ್ರೆ ಆ ಸಮಿತಿಗೆ ಟ್ಯಾಕ್ಸ್ ಹಾಕಿಸೋ ಶಕ್ತಿ ಇಲ್ಲ, ಟೀಚರನ್ನ ನೇಮಿಸೋ ಶಕ್ತಿ ಇಲ್ಲ. ಅಮೆರಿಕದ ಬೋರ್ಡಿಗೆ ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟನ್ನ ನೇಮಿಸೋದು, ಬಜೆಟ್ ಪಾಸು ಮಾಡೋದು, ಸ್ಕೂಲ್ ಮುಚ್ಚೋದು ಎಲ್ಲಾ ಇದೆ, ಅದಕ್ಕೇ ಊರಿನ ಎಲ್ಲಾ ವೋಟರ್‌ಗಳ ಪಾಲು. ಆದ್ರೂ ಸಿಟಿಜನ್ ಅಲ್ಲದ ಪೋಷಕರಿಗೆ ವೋಟ್ ಕೊಟ್ಟ ಊರುಗಳೂ ಇವೆ. ನ್ಯೂಯಾರ್ಕ್ ಸಿಟಿಯ ಕಮ್ಯುನಿಟಿ ಸ್ಕೂಲ್ ಬೋರ್ಡುಗಳಿಗೆ 1970ರಿಂದ ಅವು ರದ್ದಾಗೋವರೆಗೂ ಅಂಥ ಪೋಷಕರು ವೋಟ್ ಹಾಕ್ತಿದ್ರು. ನಿಮಗೆ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2016ರಲ್ಲಿ ಪ್ರಾಪೊಸಿಷನ್ ಎನ್ ಪಾಸಾಗಿ 2018ರಿಂದ ಶುರುವಾಯ್ತು, 2022ರಲ್ಲಿ ಒಬ್ಬ ಜಡ್ಜ್ ಹೊಡೆದುಹಾಕಿದ್ರು, 2023ರ ಆಗಸ್ಟಲ್ಲಿ ಮೇಲಿನ ಕೋರ್ಟು ಎತ್ತಿಹಿಡೀತು. 2022ರ ಫೆಬ್ರವರಿಯಲ್ಲಿ ಅಲ್ಲಿ ಮೂವರು ಬೋರ್ಡ್ ಮೆಂಬರ್‌ಗಳನ್ನ ಜನ ರೀಕಾಲ್ ಮಾಡಿ, ಅಂದ್ರೆ ಅವಧಿಯ ಮಧ್ಯದಲ್ಲೇ ವೋಟ್ ಹಾಕಿ, ಇಳಿಸಿದಾಗ ಆ ಪೋಷಕರಿಗೂ ವೋಟಿತ್ತು. ಆದ್ರೂ ನೋಂದಾಯಿಸಿಕೊಂಡೋರು ತೀರಾ ಕಮ್ಮಿ, ಯಾಕಂದ್ರೆ ಕೊಟ್ಟ ವಿವರ ಇಮಿಗ್ರೇಷನ್‌ನವರ ಕೈಗೆ ಸಿಗಬಹುದು ಅಂತ ಎಲೆಕ್ಷನ್ ಇಲಾಖೆಯೇ ಎಚ್ಚರಿಕೆ ಕೊಡುತ್ತೆ. ಆ ಹೆದರಿಕೆ ನ್ಯಾಯವಾದ್ದೇ.

ನಿಮ್ಮ ಡಿಸ್ಟ್ರಿಕ್ಟಲ್ಲಿ ಈ ಹಕ್ಕು ಇಲ್ಲ, ಹಂಗಾಗಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ಡಿಎಂವಿಯಲ್ಲಿ, ಅಂದ್ರೆ ನಮ್ಮ ಆರ್‌ಟಿಒ ಥರದ ಆಫೀಸಲ್ಲಿ, ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡುವಾಗ ವೋಟರ್ ನೋಂದಣಿ ಪ್ರಶ್ನೆ ಬರುತ್ತೆ, ಅಲ್ಲಿ ಕೈ ತಪ್ಪಿಯೂ ಸಿಟಿಜನ್ ಅಂತ ಒತ್ತಬೇಡಿ. 2018ರಲ್ಲಿ ಡಿಎಂವಿಯ ಕಡೆಯ ಗೊಂದಲದಿಂದಲೇ ಸುಮಾರು 1,500 ಜನ ಅರ್ಹತೆ ಇಲ್ಲದೆ ನೋಂದಣಿಯಾಗಿಬಿಟ್ಟಿದ್ರು, ಅವರಲ್ಲಿ ಸಿಟಿಜನ್ ಅಲ್ಲದವರೂ ಇದ್ರು. ಸುಳ್ಳಾಗಿ ಸಿಟಿಜನ್ ಅಂತ ಹೇಳ್ಕೊಂಡ್ರೆ ಮುಂದೆ ಗ್ರೀನ್ ಕಾರ್ಡಿನ ದಾರಿಯೇ ಮುಚ್ಚಿಹೋಗಬಹುದು. ಮನೆಗೆ ಬ್ಯಾಲೆಟ್ ಏನಾದ್ರೂ ಬಂದ್ರೆ ಅದನ್ನ ತುಂಬೋ ಮಾತೇ ಬೇಡ, ಕೌಂಟಿ ರಿಜಿಸ್ಟ್ರಾರ್‌ಗೆ ಬರೆದು ಹೆಸರು ತೆಗೆಸಿ, ಇಮಿಗ್ರೇಷನ್ ಲಾಯರನ್ನೂ ಒಂದು ಸಲ ಕೇಳಿ.

ಇನ್ನು ಹಿಯರಿಂಗ್‌ಗೆ ಹೋಗುವಾಗ ಆ ಹಿರಿಯರನ್ನೂ ಕರ್ಕೊಂಡು ಹೋಗಿ. ಅವರ ಅಭಿಪ್ರಾಯ ಬೇರೆ ಇರಲಿ, ಅವರಿಗೆ ವೋಟಿದೆ, ಸ್ಕೂಲ್ ಮೇಲೆ ಪ್ರೀತಿ ಇದೆ. ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದೆ, ಎಲ್ಲರೂ ಮ್ಯಾಪನ್ನೇ ನೋಡ್ತಾ ಮರೆಯೋ ಪ್ರಶ್ನೆ: ಐದು ಏರಿಯಾಗಳಲ್ಲಿ ಯಾವ ಯಾವುದಕ್ಕೆ ಮೊದಲ ಸಲ ಎಲೆಕ್ಷನ್, ಯಾವುದಕ್ಕೆ ಎರಡು ವರ್ಷ ಬಿಟ್ಟು? ನಿಮ್ಮ ಬೀದಿ ಎರಡನೇ ಗುಂಪಿಗೆ ಬಿದ್ರೆ, ಹಳೇ ಪದ್ಧತಿಯಲ್ಲಿ ಆ ಮೊದಲ ಎಲೆಕ್ಷನ್ನಲ್ಲೇ ವೋಟ್ ಹಾಕ್ತಿದ್ದ ಅಲ್ಲಿನ ವೋಟರ್‌ಗಳು ಇನ್ನೂ ಎರಡು ವರ್ಷ ಕಾಯಬೇಕಾಗುತ್ತೆ. ಈ ಕ್ರಮವನ್ನ ತೀರ್ಮಾನ ಮಾಡೋದೂ ಬೋರ್ಡೇ, ಅದೂ ಮ್ಯಾಪ್ ಪಾಸು ಮಾಡೋ ಹೊತ್ತಲ್ಲೇ, ಆದ್ರಿಂದ ಡ್ರಾಫ್ಟ್ ಮ್ಯಾಪ್ ಬಂದ ದಿನವೇ ಇದನ್ನ ಬರೆದು ಕಳಿಸಿ, ಲಿಖಿತ ಉತ್ತರ ಕೇಳಿ.